ತಾವೇ ನಂಬಿದ ಸುಳ್ಳುಗಳು

ಗಿಲಿಯನ್ ಫ್ಲಿನ್ ಅವರ 'ಗಾನ್ ಗರ್ಲ್' ಹೊರಬಂದದ್ದು 2012ರ ಜೂನ್‌ನಲ್ಲಿ. ಮದುವೆಯಾಗಿ ಐದು ವರ್ಷ ತುಂಬಿದ ದಿನವೇ ಹೆಂಡತಿ ಕಾಣೆಯಾಗುತ್ತಾಳೆ. ಒಂದು ಅಧ್ಯಾಯ ಗಂಡ ನಿಕ್‌ನದು, ಮುಂದಿನದು ಹೆಂಡತಿ ಏಮಿಯ ದಿನಚರಿಯದು. ಗಂಡ ಹೆಂಡಿರ ಈ ಜಗ್ಗಾಟ ಪ್ರಕಾಶಕರಿಗೆ ಎಂಥ ಸುಗ್ಗಿ ತಂದಿತೆಂದರೆ, ಮುಂದಿನ ಕೆಲವು ವರ್ಷ ಇಂಗ್ಲಿಷ್ ಥ್ರಿಲ್ಲರುಗಳ ಮುಖಪುಟದ ಮೇಲೆ 'ಗರ್ಲ್', 'ವೈಫ್', 'ವುಮನ್' ಎಂಬ ಪದಗಳದ್ದೇ ದರ್ಬಾರು. ಇಬ್ಬರಿದ್ದ ನಿರೂಪಕರು ಮೂವರಾದರು, ಮೂವರು ಐವರಾದರು. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳಲ್ಲಿ ಈ ಜಾತಿಯ ಪುಸ್ತಕಗಳಿಗೆ ಇಂದಿಗೂ ಬರವಿಲ್ಲ. ಒಮ್ಮೆ ಓದಿ ಮುಗಿದ ಮೇಲೆ ಮನೆಯಲ್ಲಿಟ್ಟುಕೊಳ್ಳುವವರು ಕಡಿಮೆ ಎಂದೂ ಅದರ ಅರ್ಥ.

ಆ ಅಬ್ಬರ ಈಗ ತಗ್ಗಿದೆ. ಜಮಾಖರ್ಚು ನೋಡಲು ಇದು ಒಳ್ಳೆಯ ಹೊತ್ತು. ಮನಸ್ಸಿನ ಕತ್ತಲನ್ನು ಹಲವು ಬಾಯಿಗಳಿಂದ ಹೇಳಿಸುವ ಕಾದಂಬರಿಗಳಲ್ಲಿ ಉಳಿದದ್ದು ಯಾವುದು, ಕೊಚ್ಚಿಹೋದದ್ದು ಯಾವುದು, ಏಕೆ? ಹೇಳುವ ಭರದಲ್ಲಿ ಕೆಲವು ಗುಟ್ಟುಗಳು ಬಯಲಾಗುತ್ತವೆ. ನೂರೈವತ್ತು ವರ್ಷ ಹಳೆಯದಾದವು, ಇಲ್ಲವೇ ಸಿನಿಮಾ ಆಗಿ ಊರಿಗೆಲ್ಲ ಗೊತ್ತಾದವು ಮಾತ್ರ. ಮಿಕ್ಕವನ್ನು ಮುಚ್ಚಿಯೇ ಇಡುತ್ತೇನೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುವುದು ಲೇಸು. ಓದುಗನಿಗೆ ಸುಳ್ಳು ಹೇಳುವ ಪಾತ್ರವನ್ನು ಕಟ್ಟುವುದು ಅಂಥ ದೊಡ್ಡ ಕೆಲಸವೇನಲ್ಲ. ಹೇಳಬೇಕಾದದ್ದನ್ನು ಹೇಳದೆ ಇನ್ನೂರು ಪುಟ ದೂಡಿ, ಕಡೆಯಲ್ಲಿ ಪರದೆ ಸರಿಸಿದರೆ ಆಯಿತು. ತನಗೆ ತಾನೇ ಸುಳ್ಳು ಹೇಳಿಕೊಂಡು, ಅದನ್ನು ಪೂರ್ತಿ ನಂಬಿ, ನಮ್ಮ ಮುಂದೆ ಪ್ರಾಮಾಣಿಕವಾಗಿ ಒಪ್ಪಿಸುವ ಪಾತ್ರವನ್ನು ಕಟ್ಟುವುದು ಮಾತ್ರ ಕಷ್ಟ. ಅಂಥವರು ನಾಲ್ಕು ಜನ ಸೇರಿದರೆ ಕಾದಂಬರಿಯಲ್ಲಿ ಕೊಲೆಗಾರ ಯಾರೆಂದು ಗೊತ್ತಾದ ಮೇಲೂ ಭಯ ಹೋಗುವುದಿಲ್ಲ.

ಈ ಪ್ರಕಾರ 2012ರಲ್ಲಿ ಹುಟ್ಟಿತೆಂದು ಭಾವಿಸಿದವರು ವಿಲ್ಕಿ ಕಾಲಿನ್ಸ್‌ನನ್ನು ಓದಬೇಕು. ಲಂಡನ್ನಿನಲ್ಲಿ ಕಾನೂನು ಓದಿ 1851ರಲ್ಲಿ ವಕೀಲಿ ಸನ್ನದು ಪಡೆದರೂ ಕರಿಕೋಟಿನ ಕಸುಬಿಗೆ ಇಳಿಯದವನು ಆತ. ಡಿಕನ್ಸ್ ನಡೆಸುತ್ತಿದ್ದ 'ಆಲ್ ದಿ ಇಯರ್ ರೌಂಡ್' ವಾರಪತ್ರಿಕೆಯಲ್ಲಿ 1859-60ರಲ್ಲಿ ಧಾರಾವಾಹಿಯಾಗಿ ಬಂದ 'ದಿ ವುಮನ್ ಇನ್ ವೈಟ್'ನಲ್ಲಿ ಅವನು ಕೋರ್ಟಿನ ಪದ್ಧತಿಯನ್ನೇ ಕಥೆಗೆ ಹೂಡಿದ. ಯಾರು ಯಾವುದನ್ನು ಕಣ್ಣಾರೆ ಕಂಡರೋ ಅವರೇ ಅದನ್ನು ಹೇಳಬೇಕು. ಚಿತ್ರಕಲೆ ಕಲಿಸುವ ಮೇಷ್ಟರು ಹೇಳುತ್ತಾರೆ, ವಕೀಲ ಹೇಳುತ್ತಾನೆ, ತಂಗಿಯನ್ನು ಕಾಪಾಡಲು ಹೆಣಗುವ ಮೇರಿಯನ್ ತನ್ನ ದಿನಚರಿಯಲ್ಲಿ ಬರೆಯುತ್ತಾಳೆ.

ಆ ದಿನಚರಿಯ ಒಂದು ತಾಣದಲ್ಲಿ ನಿಂತು ನೋಡಬೇಕು. ಮೇರಿಯನ್ ರಾತ್ರಿ ಮಳೆಯಲ್ಲಿ ವರಾಂಡದ ಮಾಡಿನ ಮೇಲೆ ಮೈ ಮುದುಡಿ ಕೂತು ಕೆಳಗೆ ನಡೆಯುವ ಒಳಸಂಚನ್ನು ಕೇಳಿಸಿಕೊಳ್ಳುತ್ತಾಳೆ. ತೊಯ್ದು ತೊಪ್ಪೆಯಾಗಿ ಕೋಣೆಗೆ ಮರಳಿ, ಜ್ವರ ಏರುತ್ತಿರುವಾಗಲೇ ಎಲ್ಲವನ್ನೂ ಬರೆಯುತ್ತಾಳೆ. ಸಾಲುಗಳು ತಡವರಿಸುತ್ತವೆ, ತುಂಡಾಗುತ್ತವೆ, ನಿಲ್ಲುತ್ತವೆ. ಅದರ ಕೆಳಗೆ ಬೇರೊಬ್ಬರ ಬರಹ ಶುರುವಾಗುತ್ತದೆ. ಸಂಚಿನ ಸೂತ್ರಧಾರ ಕೌಂಟ್ ಫಾಸ್ಕೊನದು ಅದು. ಅವಳು ಪ್ರಜ್ಞೆತಪ್ಪಿ ಮಲಗಿದ್ದಾಗ ಅವನು ದಿನಚರಿಯನ್ನು ಪೂರ್ತಿ ಓದಿದ್ದಾನೆ, ಅವಳ ಜಾಣತನವನ್ನು ಕೊಂಡಾಡಿ ನಾಲ್ಕು ಮಾತು ಬರೆದು ಸಹಿಯನ್ನೂ ಹಾಕಿದ್ದಾನೆ. ಇಷ್ಟು ಹೊತ್ತು ನಾವು ಮೇರಿಯನ್ನಳ ಆಪ್ತರಂತೆ ಓದುತ್ತಿದ್ದ ಪುಟಗಳನ್ನು ಅವನೂ ನಮ್ಮ ಜೊತೆಯಲ್ಲೇ ಓದುತ್ತಿದ್ದ ಎಂಬುದು ಹೊಳೆದಾಗ ಮೈ ಜುಮ್ಮೆನ್ನುತ್ತದೆ. ಒಂದು ತೊಟ್ಟು ರಕ್ತ ಹರಿದಿಲ್ಲ, ಬಾಗಿಲೂ ಕಿರುಗುಟ್ಟಿಲ್ಲ. ಮುಂದೆ ಬಂದ ಎಷ್ಟೋ ಥ್ರಿಲ್ಲರುಗಳಲ್ಲಿ ಹೆಣಗಳ ರಾಶಿ ಬಿದ್ದರೂ ಈ ಅರ್ಧ ಪುಟದ ನಡುಕ ಸಿಗುವುದಿಲ್ಲ.

ಕಾಲಿನ್ಸ್‌ನ ಇನ್ನೊಂದು ಕಾದಂಬರಿ 'ದಿ ಮೂನ್‌ಸ್ಟೋನ್' ಅದೇ ಪತ್ರಿಕೆಯಲ್ಲಿ 1868ರ ಜನವರಿಯಿಂದ ಆಗಸ್ಟ್‌ವರೆಗೆ ಬಂತು. ಅದು ತೆರೆದುಕೊಳ್ಳುವುದು ನಮ್ಮ ಶ್ರೀರಂಗಪಟ್ಟಣದಲ್ಲಿ, 1799ರ ಮೇ 4ರಂದು ಕೋಟೆ ಬಿದ್ದ ದಿನ. ಟಿಪ್ಪುವಿನ ಶಸ್ತ್ರಾಗಾರದಲ್ಲಿ ಹರ್ನ್‌ಕಾಸಲ್ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿ ಕಾವಲಿಗಿದ್ದವರನ್ನು ಕೊಂದು, ಕಠಾರಿಯ ಹಿಡಿಯಲ್ಲಿದ್ದ ವಜ್ರವನ್ನು ಲಪಟಾಯಿಸುತ್ತಾನೆ. ಇದನ್ನು ನಮಗೆ ತಿಳಿಸುವವನು ಅವನ ದಾಯಾದಿ. ಮಜವೆಂದರೆ ಕೊಲೆಯನ್ನು ಅವನೂ ಕಣ್ಣಾರೆ ನೋಡಿಲ್ಲ. ಕೈಯಲ್ಲಿ ಪಂಜು ಹಿಡಿದು ನಿಂತವನನ್ನು, ರಕ್ತ ತೊಟ್ಟಿಕ್ಕುವ ಕಠಾರಿಯನ್ನು, ಬಿದ್ದ ಹೆಣಗಳನ್ನು ನೋಡಿದ್ದಾನೆ. ಮನಸ್ಸಿಗೆ ಖಾತ್ರಿಯಿದೆ, ಕೈಯಲ್ಲಿ ಪುರಾವೆಯಿಲ್ಲ. ಇಡೀ ಪ್ರಕಾರದ ಸಮಸ್ಯೆ ಆ ಮೊದಲ ಕೆಲವು ಪುಟಗಳಲ್ಲೇ ಇದೆ. ಇನ್ನೊಂದನ್ನೂ ಗಮನಿಸಬೇಕು. ಮನೆಯ ಹಿರಿಯ ಸೇವಕ, ವಕೀಲ, ವೈದ್ಯ, ಪೊಲೀಸ್ ಅಧಿಕಾರಿ ಹೀಗೆ ಹಲವರಿಗೆ ಮಾತಾಡಲು ಅವಕಾಶ ಕೊಡುವ ಕಾದಂಬರಿ, ಆ ವಜ್ರಕ್ಕಾಗಿ ಜೀವ ತೇಯುವ ಮೂವರು ಬ್ರಾಹ್ಮಣರಿಗೆ ಒಂದು ಅಧ್ಯಾಯವನ್ನೂ ಬಿಟ್ಟುಕೊಡುವುದಿಲ್ಲ. ಅವರ ಪರವಾಗಿ ಕೊನೆಯಲ್ಲಿ ಮಾತಾಡುವವನು ಒಬ್ಬ ಇಂಗ್ಲಿಷ್ ಯಾತ್ರಿಕ. ಬಹುದನಿಯ ಕಾದಂಬರಿ ಎಂದಾಕ್ಷಣ ಎಲ್ಲರ ದನಿಯೂ ಇರುತ್ತದೆ ಎಂದೇನಿಲ್ಲ.

ಇರಲಿ. 'ಮೂನ್‌ಸ್ಟೋನ್' ಇಂದಿಗೂ ಹಳತಾಗದಿರುವುದಕ್ಕೆ ಕಾರಣ ಬೇರೆ. ವಜ್ರದ ಕಳ್ಳನನ್ನು ಎಲ್ಲರಿಗಿಂತ ಹೆಚ್ಚು ಆಸ್ಥೆಯಿಂದ ಹುಡುಕುವವನು ಫ್ರಾಂಕ್ಲಿನ್ ಬ್ಲೇಕ್. ಸುಳಿವು ಹಿಡಿದು ಹೋಗಿ, ಸಮುದ್ರತೀರದ ಕುಸಿಮರಳಿನಿಂದ ಒಂದು ತಗಡಿನ ಡಬ್ಬಿ ಎಳೆಯುತ್ತಾನೆ. ಒಳಗೆ ಒಂದು ರಾತ್ರಿಯಂಗಿ, ಅದರ ಮೇಲೆ ಬಣ್ಣದ ಕಲೆ. ಆ ಕಲೆ ಇರುವ ಬಟ್ಟೆಯವನೇ ಕಳ್ಳ ಎಂಬುದು ಆ ಹೊತ್ತಿಗೆ ಎಲ್ಲರಿಗೂ ಗೊತ್ತು. ಅಂಗಿ ಯಾರದೆಂದು ತಿರುವಿ ನೋಡುತ್ತಾನೆ. ಅದರ ಮೇಲೆ ಇರುವುದು ಅವನದೇ ಹೆಸರು. ಅವನಿಗೆ ಗೊತ್ತಿಲ್ಲದೆ ಕುಡಿಸಿದ ಅಫೀಮಿನ ಮಂಪರಿನಲ್ಲಿ ಅವನೇ ವಜ್ರವನ್ನು ಎತ್ತಿಕೊಂಡಿದ್ದ. ಅವನು ನಮಗೆ ಒಂದು ಸುಳ್ಳನ್ನೂ ಹೇಳಿಲ್ಲ, ಹೇಳಿದ್ದರಲ್ಲಿ ನಿಜವೂ ಇರಲಿಲ್ಲ. ಇದೇ ಕಾದಂಬರಿಯ ಮಿಸ್ ಕ್ಲಾಕ್ ಇನ್ನೊಂದು ಬಗೆ. ಕಂಡಕಂಡವರ ಮನೆಯಲ್ಲಿ ಧರ್ಮಬೋಧೆಯ ಕಿರುಹೊತ್ತಿಗೆಗಳನ್ನು ಇಟ್ಟುಬರುವ ಈ ಬಡ ನೆಂಟಳು ಪರದೆಯ ಹಿಂದೆ ಅಡಗಿ ಪರರ ಪ್ರೇಮನಿವೇದನೆಯನ್ನು ಕೇಳುತ್ತಾಳೆ, ಅದು ತನ್ನ ಕರ್ತವ್ಯವೆಂದು ಮನಸಾರೆ ನಂಬುತ್ತಾಳೆ. ಓದುತ್ತ ನಗು ಬರುತ್ತದೆ. ಅವಳಂಥವರು ನಮ್ಮ ಪ್ರತಿ ಬೀದಿಯಲ್ಲೂ ಒಬ್ಬರಿದ್ದಾರೆ.

ಜಪಾನಿನ ಅಕುತಾಗವ 1922ರಲ್ಲಿ ಬರೆದ 'ಇನ್ ಎ ಗ್ರೋವ್' ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಕಿರಾ ಕುರೊಸಾವಾ 1950ರಲ್ಲಿ 'ರಾಶೋಮೊನ್' ಮಾಡಿ, ಮರುವರ್ಷ ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಗೆದ್ದ ಮೇಲೆ ಜಗತ್ತೇ ಅದನ್ನು ಬಲ್ಲದು. ಒಂದೇ ಒಂದು ಸಂಗತಿಯನ್ನು ನೆನಪಿಸಬೇಕು, ಏಕೆಂದರೆ ಅದನ್ನು ಮರೆತು ಮಾತಾಡುವವರೇ ಹೆಚ್ಚು. ಒಬ್ಬೊಬ್ಬರದು ಒಂದೊಂದು ಸತ್ಯ ಎಂಬ ಸುಲಭದ ಮಾತಿಗೆ ಆ ಕಥೆಯನ್ನು ಸಾಕ್ಷಿಯಾಗಿ ಕರೆಯುವುದುಂಟು. ಕಥೆಯಲ್ಲಿ ಕೊಲೆಯ ಬಗ್ಗೆ ಮಾತಾಡುವ ಮೂವರೂ ತಪ್ಪನ್ನು ತಮ್ಮ ಮೇಲೇ ಎಳೆದುಕೊಳ್ಳುತ್ತಾರೆ. ದರೋಡೆಕೋರ ತಾನೇ ಕೊಂದೆ ಎನ್ನುತ್ತಾನೆ, ಹೆಂಡತಿ ತಾನು ಕೊಂದೆ ಎನ್ನುತ್ತಾಳೆ, ಸತ್ತವನು ಮೈಮೇಲೆ ಬಂದವಳ ಬಾಯಲ್ಲಿ ತಾನೇ ಚುಚ್ಚಿಕೊಂಡೆ ಎನ್ನುತ್ತಾನೆ. ಶಿಕ್ಷೆ ತಪ್ಪಿಸಿಕೊಳ್ಳಲು ಹೇಳಿದ ಸುಳ್ಳುಗಳಲ್ಲ ಇವು. ಗಲ್ಲಿಗೆ ಹೋದರೂ ಸರಿ, ತಾವು ನೆನೆಸಿಕೊಂಡಂಥ ಮನುಷ್ಯರಾಗಿ ಕಾಣಬೇಕೆಂಬ ಹಂಬಲದವು.

ಈಗ 'ಗಾನ್ ಗರ್ಲ್'ಗೆ ಮರಳಿದರೆ ಅದರ ಬಲವೂ ಕೊರತೆಯೂ ಒಟ್ಟಿಗೆ ಕಾಣುತ್ತವೆ. ಏಮಿಯ ದಿನಚರಿ ಪೂರ್ತಿ ಕಟ್ಟುಕಥೆ. ಪೊಲೀಸರ ಕೈಗೆ ಸಿಗಲಿ, ಗಂಡ ಸಿಕ್ಕಿಬೀಳಲಿ ಎಂದೇ ಬರೆದದ್ದು. ಮೇರಿಯನ್ನಳ ದಿನಚರಿ ಕಳ್ಳನಿಗೆ ಸಿಕ್ಕ ಸತ್ಯವಾಗಿದ್ದರೆ, ಏಮಿಯದು ದಾರಿಯಲ್ಲಿ ಎಸೆದ ಗಾಳ. ಅರ್ಧದಲ್ಲಿ ಅದು ಬಯಲಾದಾಗ ಓದುಗನಿಗೆ ಬೀಳುವ ಪೆಟ್ಟು ಸಣ್ಣದಲ್ಲ: ಇಲ್ಲಿಯವರೆಗೆ ನಾವು ಪಟ್ಟ ಕನಿಕರವೆಲ್ಲ ಅವಳು ಲೆಕ್ಕಹಾಕಿ ವಸೂಲು ಮಾಡಿದ್ದು. ಅಲ್ಲಿಂದಾಚೆ ಏಮಿ ಎಂಥ ಜಾಣೆ ಎಂಬುದನ್ನು ನೋಡುವುದಷ್ಟೇ ಉಳಿಯುತ್ತದೆ, ಅವಳೊಳಗೆ ಇಳಿಯುವುದು ಕಷ್ಟ. ನನಗೆ ನಿಕ್‌ನೇ ಹೆಚ್ಚು ಕುತೂಹಲದ ಪಾತ್ರ. ಪೊಲೀಸರಿಗೆ ಹೇಳಿದ ಸುಳ್ಳುಗಳನ್ನು ನಮ್ಮ ಮುಂದೆ ಎಣಿಸಿ ತೋರಿಸುತ್ತಾನೆ. ಇಷ್ಟು ಪ್ರಾಮಾಣಿಕನಲ್ಲವೇ ಎಂದು ನಾವು ಮೆತ್ತಗಾಗುತ್ತೇವೆ. ಆ ಸಲುಗೆಯಲ್ಲೇ ತನ್ನ ಪರಸ್ತ್ರೀ ಸಂಬಂಧವನ್ನು ಎಷ್ಟೋ ಪುಟ ಮುಚ್ಚಿಟ್ಟುಕೊಳ್ಳುತ್ತಾನೆ. ತಾನು ಒಳ್ಳೆಯವನು, ಸಂದರ್ಭ ಕೆಟ್ಟದು ಎಂದು ಅವನು ನಿಜವಾಗಿಯೂ ನಂಬಿದ್ದಾನೆ. 2014ರಲ್ಲಿ ಡೇವಿಡ್ ಫಿಂಚರ್ ಮಾಡಿದ ಸಿನಿಮಾದಲ್ಲಿ ಈ ಸೂಕ್ಷ್ಮ ಬಹುಪಾಲು ಕಳೆದುಹೋಯಿತು. ಚಿತ್ರಕಥೆ ಬರೆದದ್ದು ಫ್ಲಿನ್ ಅವರೇ, ಆದರೂ ಬೆನ್ ಆಫ್ಲೆಕ್ ಮುಖವನ್ನು ಹೊರಗಿನಿಂದ ನೋಡುವುದೇ ಬೇರೆ, ನಿಕ್‌ನ ತಲೆಯೊಳಗೆ ಕೂತು ಮೋಸಹೋಗುವುದೇ ಬೇರೆ.

ಪೌಲಾ ಹಾಕಿನ್ಸ್ ಅವರ 'ದಿ ಗರ್ಲ್ ಆನ್ ದಿ ಟ್ರೇನ್' (2015) ವಾಕ್ಯಗಳ ಮಟ್ಟದಲ್ಲಿ ಫ್ಲಿನ್‌ಗಿಂತ ಸಪ್ಪೆ. ಆದರೆ ಅದರ ನಡುಮನೆಯಲ್ಲಿ ಒಂದು ಒಳ್ಳೆಯ ಸಂಗತಿ ಇದೆ. ಕೆಲಸ ಹೋಗಿದ್ದರೂ ಮನೆಯೊಡತಿಗೆ ತಿಳಿಯದಿರಲೆಂದು ರೇಚಲ್ ದಿನಾ 8.04ರ ರೈಲು ಹತ್ತಿ ಲಂಡನ್ನಿಗೆ ಹೋಗಿಬರುತ್ತಾಳೆ. ಕಿಟಕಿಯಿಂದ ಕಾಣುವ ದಂಪತಿಗೆ ತಾನೇ ಹೆಸರಿಟ್ಟು, ಅವರ ಸುಖಸಂಸಾರವನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತಾಳೆ. ಕುಡಿದ ರಾತ್ರಿಗಳ ನೆನಪು ಅವಳಿಗಿಲ್ಲ. ಆ ರಾತ್ರಿಗಳಲ್ಲಿ ಏನಾಯಿತೆಂದು ಮರುದಿನ ಹೇಳುತ್ತಿದ್ದವನು ಗಂಡ. ನೀನು ಹೊಡೆದೆ, ನೀನು ಚೀರಾಡಿದೆ, ನೀನು ಮಾನ ಕಳೆದೆ. ವಿಚ್ಛೇದನವಾದ ಮೇಲೂ ಅವಳು ತನ್ನನ್ನು ತಾನು ಅವನ ಮಾತಿನಲ್ಲೇ ಗುರುತಿಸಿಕೊಳ್ಳುತ್ತಾಳೆ. ಮೇಗನ್ ಎಂಬಾಕೆಯ ಅಧ್ಯಾಯಗಳು ವರ್ಷದಷ್ಟು ಹಿಂದಿನಿಂದ ಹೊರಟು ಅವಳ ಸಾವಿನ ಕಡೆಗೆ ಬರುತ್ತಿದ್ದರೆ, ರೇಚಲ್ಲಳ ಅಧ್ಯಾಯಗಳು ಆ ಸಾವಿಗೆ ತುಸು ಮುಂಚಿನಿಂದ ಹೊರಟು ಅದರಾಚೆಗೆ ಹೋಗುತ್ತವೆ. ಕೊಲೆಗಾರನ ಪತ್ತೆಗಿಂತ, ತನ್ನ ನೆನಪು ತನ್ನದಲ್ಲವೆಂದು ರೇಚಲ್‌ಗೆ ಅರಿವಾಗುವ ಗಳಿಗೆಯೇ ಕಾದಂಬರಿಯ ನಿಜವಾದ ತಿರುವು. 2021ರ ಹಿಂದಿ ರೂಪ ಮಾತ್ರ ಇದನ್ನೆಲ್ಲ ಬಿಟ್ಟು ಓಡಾಟಕ್ಕೆ ಒತ್ತುಕೊಟ್ಟಿತು. ಅದರ ಮಾತು ಬೇಡ.

ಇವೆರಡರ ಗೆಲುವಿನ ಬೆನ್ನಲ್ಲಿ ಬಂದ ಪ್ರವಾಹದ ಬಗ್ಗೆ ದಾಕ್ಷಿಣ್ಯ ತೋರಿಸಬೇಕಿಲ್ಲ. ಬಹುಪಾಲು ಪುಸ್ತಕಗಳಿಗೆ ಹಲವು ದನಿ ಎಂಬುದು ಅಧ್ಯಾಯದ ತಲೆಯ ಮೇಲಿನ ಹೆಸರುಪಟ್ಟಿ ಮಾತ್ರ. ಹೆಸರನ್ನು ಮುಚ್ಚಿ ಓದಿದರೆ ಅತ್ತೆ ಯಾರು, ಸೊಸೆ ಯಾರು, ಪತ್ತೇದಾರ ಯಾರು ಒಂದೂ ತಿಳಿಯುವುದಿಲ್ಲ. ಎಲ್ಲರೂ ಒಂದೇ ಬಗೆಯ ಗಿಡ್ಡ ವಾಕ್ಯಗಳಲ್ಲಿ ಉಸಿರುಗಟ್ಟಿ ಮಾತಾಡುತ್ತಾರೆ. ಅಲೆಕ್ಸ್ ಮೈಕಲಿಡೀಸ್ ಬರೆದ 'ದಿ ಸೈಲೆಂಟ್ ಪೇಷಂಟ್' (2019) ಇವುಗಳಲ್ಲಿ ಮೇಲ್ದರ್ಜೆಯದು. ಗಂಡನನ್ನು ಗುಂಡಿಟ್ಟು ಕೊಂದ ಬಳಿಕ ಒಂದೂ ಮಾತಾಡದ ಚಿತ್ರಕಲಾವಿದೆ, ಅವಳನ್ನು ಮಾತಾಡಿಸಲು ಹೊರಟ ಮನೋಚಿಕಿತ್ಸಕ, ನಡುನಡುವೆ ಅವಳ ದಿನಚರಿ. ಹೂಡಿಕೆ ಚೆನ್ನಾಗಿದೆ, ಪುಟ ಓಡುತ್ತದೆ. ಆದರೆ ಅದರ ಗುಟ್ಟು ಬಚ್ಚಿಟ್ಟಿರುವುದು ಚಿಕಿತ್ಸಕನ ಮನಸ್ಸಿನಲ್ಲಿ ಅಲ್ಲ, ಲೇಖಕನ ಕಾಲಗಣನೆಯಲ್ಲಿ. ಎರಡನೇ ಸಲ ಓದಿದಾಗ ಆ ಮನುಷ್ಯನ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ, ಲೇಖಕರು ಎಲ್ಲೆಲ್ಲಿ ಕೈಚಳಕ ತೋರಿದ್ದಾರೆ ಎಂಬುದಷ್ಟೇ ತಿಳಿಯುತ್ತದೆ.

ಈ ಕಾಲಘಟ್ಟದಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಕನಾಯೆ ಮಿನಾತೊ ಅವರ 'ಕನ್ಫೆಷನ್ಸ್' ಅನ್ನು ಎತ್ತಿಕೊಳ್ಳುತ್ತೇನೆ. ಜಪಾನಿಯಲ್ಲಿ 2008ರಲ್ಲಿ ಬಂದು, ಮರುವರ್ಷ ಅಲ್ಲಿನ ಪುಸ್ತಕ ಮಾರಾಟಗಾರರ ಪ್ರಶಸ್ತಿ ಗೆದ್ದದ್ದು. ಇಂಗ್ಲಿಷಿಗೆ ಬಂದದ್ದು 2014ರಲ್ಲಿ. ಅಂದರೆ 'ಗಾನ್ ಗರ್ಲ್'ಗಿಂತ ಮೊದಲೇ ಬರೆದದ್ದು.

ಮಾಧ್ಯಮಿಕ ಶಾಲೆಯ ತರಗತಿ. ವರ್ಷದ ಕೊನೆಯ ದಿನ. ಮಕ್ಕಳು ಹಾಲಿನ ಪೊಟ್ಟಣ ಖಾಲಿ ಮಾಡಿದ್ದಾರೆ. ಶಿಕ್ಷಕಿ ಮೊರಿಗುಚಿ ಹಾಲಿನ ವಿಷಯದಿಂದಲೇ ಮಾತು ಶುರುಮಾಡಿ, ತಾನು ಕೆಲಸ ಬಿಡುತ್ತಿದ್ದೇನೆ ಎನ್ನುತ್ತಾಳೆ. ಇಡೀ ಅಧ್ಯಾಯ ಅವಳೊಬ್ಬಳ ಮಾತು. ಮಕ್ಕಳು ಗುಸುಗುಸು ಎಂದರೆ, ಪ್ರಶ್ನೆ ಕೇಳಿದರೆ, ಅದು ನಮಗೆ ತಿಳಿಯುವುದು ಅವಳ ಉತ್ತರದಿಂದ. ದನಿ ಏರುವುದಿಲ್ಲ. ಶಾಲೆಯ ಈಜುಕೊಳದಲ್ಲಿ ಸತ್ತ ತನ್ನ ನಾಲ್ಕು ವರ್ಷದ ಮಗಳ ಸಾವು ಅಪಘಾತವಲ್ಲ, ಇದೇ ತರಗತಿಯ ಇಬ್ಬರು ಹುಡುಗರ ಕೃತ್ಯ ಎನ್ನುತ್ತಾಳೆ. ಹದಿಮೂರರ ಹುಡುಗರು, ಜಪಾನಿನ ಕಾನೂನಿನಂತೆ ಹದಿನಾಲ್ಕು ತುಂಬದವರಿಗೆ ಕ್ರಿಮಿನಲ್ ಶಿಕ್ಷೆ ಇಲ್ಲ. ಆದ್ದರಿಂದ ಪೊಲೀಸರ ಬಳಿ ಹೋಗಿಲ್ಲ, ಆ ಇಬ್ಬರ ಹಾಲಿಗೆ ಎಚ್‌ಐವಿ ಇರುವ ರಕ್ತ ಬೆರೆಸಿದ್ದೇನೆ ಎಂದು ಹೇಳಿ ಮುಗಿಸುತ್ತಾಳೆ. ಹೀಗೆ ಕುಡಿದ ಹಾಲಿನಿಂದ ಆ ಸೋಂಕು ತಗಲುವ ಸಾಧ್ಯತೆ ತೀರ ಕಡಿಮೆ ಎಂಬುದು ವೈದ್ಯಕೀಯದ ಮಾತು. ಅವಳಿಗೆ ಸೋಂಕು ಬೇಕಿರಲಿಲ್ಲ, ಭಯ ಸಾಕಿತ್ತು.

ಕೊಂದವರು ಯಾರೆಂದು ಮೊದಲ ಅಧ್ಯಾಯದಲ್ಲೇ ಗೊತ್ತಾದ ಮೇಲೆ ಇನ್ನೈದು ಅಧ್ಯಾಯಗಳಿಗೆ ಏನು ಕೆಲಸ? ಅಲ್ಲೇ ಇದೆ ಮಿನಾತೊ ಅವರ ಹಿರಿಮೆ. ಒಬ್ಬ ಹುಡುಗನ ತಾಯಿ ಬರೆದ ದಿನಚರಿ ಮೂರನೆಯ ಅಧ್ಯಾಯ. ಮಗ ಶಾಲೆಗೆ ಹೋಗದೆ ಕೋಣೆ ಸೇರಿದ್ದಾನೆ. ತಾನು ಮುಟ್ಟಿದ ತಟ್ಟೆ ಲೋಟಗಳನ್ನು ಮತ್ತೆ ಮತ್ತೆ ಉಜ್ಜಿ ತೊಳೆಯುತ್ತಾನೆ, ಸ್ವಂತ ಮೈಗೆ ಮಾತ್ರ ನೀರು ಸೋಕಿಸುವುದಿಲ್ಲ. ಇದು ಅತಿ ಶುಚಿತ್ವದ ಒಂದು ಕಾಯಿಲೆ ಇರಬೇಕು ಎಂದು ತಾಯಿ ಬರೆದುಕೊಳ್ಳುತ್ತಾಳೆ. ಹಾಲಿನ ವಿಷಯ ಅವಳಿಗೆ ಗೊತ್ತಿಲ್ಲ. ತನ್ನಿಂದ ಮನೆಯವರಿಗೆ ರೋಗ ಅಂಟಬಾರದೆಂದು ಹುಡುಗ ಪಾತ್ರೆ ತೊಳೆಯುತ್ತಿದ್ದಾನೆ ಎಂಬುದು ನಮಗೆ ಗೊತ್ತು. ನನ್ನ ಮಗ ಒಳ್ಳೆಯವನು, ಕೆಟ್ಟದ್ದೆಲ್ಲ ಆ ಟೀಚರಿನದೇ, ಗಂಡನಿಲ್ಲದವಳು ಮಗುವನ್ನು ಶಾಲೆಗೆ ಯಾಕೆ ಕರೆತರಬೇಕಿತ್ತು ಎಂದು ಅವಳು ಪುಟಗಟ್ಟಲೆ ಬರೆಯುತ್ತಾಳೆ. ಇದು ಮೂರನೇ ಬಗೆಯ ದಿನಚರಿ. ಕದ್ದು ಓದಿಸಿಕೊಂಡದ್ದೂ ಅಲ್ಲ, ಯಾರಿಗೋ ಗಾಳವಾಗಿ ಬರೆದದ್ದೂ ಅಲ್ಲ. ಅಕ್ಷರ ಅಕ್ಷರವೂ ಪ್ರಾಮಾಣಿಕ, ಸಾಲು ಸಾಲೂ ಸುಳ್ಳು. ಮುಂದಿನ ಅಧ್ಯಾಯದಲ್ಲಿ ಆ ಹುಡುಗನೇ ಮಾತಾಡತೊಡಗಿದಾಗ, ನಮಗೆ ಗೊತ್ತಿದೆ ಎಂದುಕೊಂಡಿದ್ದ ಒಂದು ಸಂಗತಿ ತಲೆಕೆಳಗಾಗುತ್ತದೆ. ಅದನ್ನಿಲ್ಲಿ ಹೇಳುವುದಿಲ್ಲ.

ನ್ಯಾಯಾಲಯದಲ್ಲಿ ಸಾಕ್ಷಿಯ ಹೇಳಿಕೆ ಅಲ್ಲಿಗೇ ಮುಗಿಯುವುದಿಲ್ಲ. ಎದುರು ಪಕ್ಷದ ವಕೀಲ ಎದ್ದು ಪಾಟೀಸವಾಲು ಮಾಡುತ್ತಾನೆ. ಈ ಕಾದಂಬರಿಗಳಲ್ಲಿ ಪಾಟೀಸವಾಲಿಗೆ ಯಾರೂ ಇಲ್ಲ. ಹೇಳಿದವರು ಹೇಳಿ ಎದ್ದುಹೋಗುತ್ತಾರೆ, ಇನ್ನೊಬ್ಬರು ಕಟಕಟೆಗೆ ಬರುತ್ತಾರೆ. ಪ್ರಶ್ನಿಸಬೇಕಾದವನು ಓದುಗ. ಅವನು ಎಲ್ಲರನ್ನೂ ಒಂದೇ ಸಮ ಪ್ರಶ್ನಿಸುವುದಿಲ್ಲ. ಚೆನ್ನಾಗಿ ಬರೆಯಬಲ್ಲ ಏಮಿಗೆ ಸುಲಭವಾಗಿ ಸೋಲುತ್ತಾನೆ, ಕುಡುಕಿ ರೇಚಲ್ಲಳನ್ನು ಮೊದಲ ದಿನದಿಂದಲೇ ಅನುಮಾನಿಸುತ್ತಾನೆ, ತಾಯಿಯ ದಿನಚರಿ ಎಂದೊಡನೆ ಕರಗುತ್ತಾನೆ. ನಮ್ಮ ಪಕ್ಷಪಾತ ಇಷ್ಟು ನಿಚ್ಚಳವಾಗಿ ನಮಗೇ ಕಾಣಿಸುವ ಸಾಹಿತ್ಯಪ್ರಕಾರ ಬೇರೆ ಇದ್ದಂತಿಲ್ಲ.

ಫ್ಲಿನ್, ಹಾಕಿನ್ಸ್, ಮಿನಾತೊ ಮೂವರೂ ಮಹಿಳೆಯರು ಎಂಬುದು ಆಕಸ್ಮಿಕವಲ್ಲ ಎನಿಸುತ್ತದೆ. ಹಳೆಯ ಪತ್ತೇದಾರಿಯಲ್ಲಿ ಅಪಾಯ ಹೊರಗಿನಿಂದ ಬರುತ್ತಿತ್ತು. ಇವರಲ್ಲಿ ಅದು ಅಡುಗೆಮನೆಯಲ್ಲಿದೆ, ಮಗ್ಗುಲಲ್ಲಿ ಮಲಗಿದೆ, ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದೆ. ಕನ್ನಡದ ಓದುಗರಿಗೆ ಇದು ಅಪರಿಚಿತ ಪ್ರದೇಶವೇನಲ್ಲ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ 'ಶರಪಂಜರ'ದಲ್ಲಿ ಇದೇ ಮನೆಯೊಳಕ್ಕೆ ಹೊಕ್ಕಿದ್ದರು. ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಮನೆಯವರ ನೋಟವೇ ಮತ್ತೆ ಹುಚ್ಚಿಗೆ ದೂಡುತ್ತದೆ. ಅದೇ ಕಥೆಯಲ್ಲಿ ಗಂಡನಿಗೂ ಒಂದು ಅಧ್ಯಾಯ ಕೊಟ್ಟು, ತಾನೆಷ್ಟು ಸಹನೆಯವನು ಎಂದು ಅವನಿಂದಲೇ ಹೇಳಿಸಿದ್ದರೆ? ಯೋಚಿಸಿದರೇ ಬೆನ್ನು ತಣ್ಣಗಾಗುತ್ತದೆ.

ಬೇಕಾದ ಸಾಮಗ್ರಿಯೆಲ್ಲ ನಮ್ಮಲ್ಲಿ ಬಿಡಿಬಿಡಿಯಾಗಿ ಇತ್ತು, ಇದೆ. ಭೈರಪ್ಪನವರ 'ಪರ್ವ' ಮತ್ತು ಚಿತ್ತಾಲರ 'ಶಿಕಾರಿ' ಎರಡೂ 1979ರವು. 'ಪರ್ವ' ಕುಂತಿ, ದ್ರೌಪದಿ, ಭೀಮ, ಕರ್ಣರ ಒಳಮನಸ್ಸುಗಳ ಮೂಲಕ ಸಾಗಿ, ಒಂದೇ ಕುಟುಂಬದ ಕಲಹಕ್ಕೆ ಎಷ್ಟು ಲೆಕ್ಕಪುಸ್ತಕಗಳಿರುತ್ತವೆ ಎಂದು ತೋರಿಸಿತು. 'ಶಿಕಾರಿ'ಯಲ್ಲಿ ಮುಂಬಯಿಯ ಕಂಪನಿಯೊಂದರಿಂದ ಅಮಾನತಾದ ನಾಗಪ್ಪ ತನ್ನ ಸುತ್ತ ನಿಜವಾಗಿ ಬಲೆ ಇದೆಯೋ, ತಾನೇ ನೇಯುತ್ತಿದ್ದಾನೋ ತಿಳಿಯದೆ ತೊಳಲುತ್ತಾನೆ. ಒಂದರಲ್ಲಿ ಹಲವು ದನಿ, ಇನ್ನೊಂದರಲ್ಲಿ ಕತ್ತಲು. ಎರಡನ್ನೂ ಒಂದು ಅಪರಾಧದ ಸುತ್ತ ಕೂಡಿಸಿದ ಕಾದಂಬರಿ ನನ್ನ ಓದಿನ ಮಟ್ಟಿಗೆ ಕನ್ನಡದಲ್ಲಿ ಬಂದಿಲ್ಲ. ಜನಪ್ರಿಯ ಪತ್ತೇದಾರಿಯ ನಮ್ಮ ದೊಡ್ಡ ಪರಂಪರೆ, ಎನ್. ನರಸಿಂಹಯ್ಯನವರಿಂದ ಟಿ.ಕೆ. ರಾಮರಾಯರವರೆಗೆ, ಪತ್ತೇದಾರನ ಬುದ್ಧಿಯನ್ನು ನೆಚ್ಚಿಕೊಂಡಿತ್ತು. ಸಾಕ್ಷಿಗಳ ಮನಸ್ಸು ಅದಕ್ಕೆ ಬೇಕಿರಲಿಲ್ಲ. ಆ ಕೆಲಸಕ್ಕೆ ಕೈಹಾಕಿದ್ದು ಸಿನಿಮಾ. ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' 2014ರಲ್ಲಿ ಮಲ್ಪೆಯ ಕಡಲತಡಿಯಲ್ಲಿ, ಕೃಷ್ಣಾಷ್ಟಮಿಯ ಗದ್ದಲದ ನಡುವೆ ನಡೆದ ಘಟನೆಯನ್ನು ಪತ್ರಕರ್ತೆಯೊಬ್ಬಳು ಹಲವರ ಬಾಯಿಂದ ಕೇಳಿ ಜೋಡಿಸುವಂತೆ ಕಟ್ಟಿತು. ಥಿಯೇಟರುಗಳಲ್ಲಿ ಬೇಗ ಸೋತರೂ ಅದನ್ನು ಹುಡುಕಿಕೊಂಡು ನೋಡುವವರು ಆಮೇಲೆ ಬೆಳೆಯುತ್ತಲೇ ಹೋದರು.

ಹಾಗೆಂದು ಎಲ್ಲರ ಬಾಯಿಗೂ ಮೈಕು ಹಿಡಿದುಬಿಟ್ಟರೆ ಕೆಲಸ ಕೈಗೂಡುತ್ತದೆ ಎನ್ನುವಂತಿಲ್ಲ. ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ಒಬ್ಬನೇ ನಿರೂಪಕನ ಸಣ್ಣ ಕಾದಂಬರಿ. ಕಾಫಿ ಹೌಸಿನಲ್ಲಿ ಕೂತ ಈ ಸಭ್ಯ ಗೃಹಸ್ಥ ತನ್ನ ಮನೆಯ ಮಸಾಲೆ ವ್ಯಾಪಾರದ ಏಳಿಗೆಯನ್ನು, ಅಮ್ಮ ಅಕ್ಕಂದಿರ ಮಾತಿನ ಹರಿತವನ್ನು, ತನ್ನ ಅಸಹಾಯಕತೆಯನ್ನು ನಿಧಾನವಾಗಿ ಹೇಳುತ್ತ ಹೋಗುತ್ತಾನೆ. ಊರಿಗೆ ಹೋದ ಹೆಂಡತಿ ಅನಿತಾ ಇನ್ನೂ ಬಂದಿಲ್ಲ. ಕೊಲೆ, ಪೊಲೀಸು, ತನಿಖೆ ಯಾವುದೂ ಇಲ್ಲದೆ ಕಡೆಯ ಪುಟಗಳಲ್ಲಿ ಕತ್ತು ಹಿಸುಕಿದಂತಾಗುತ್ತದೆ. ಕುಟುಂಬದ ಹಣ ಎಲ್ಲಿಂದ ಬರುತ್ತದೆ, ಏನನ್ನು ಕೊಳ್ಳುತ್ತದೆ ಎಂದು ಕೇಳುತ್ತಿದ್ದವಳು ಅವಳೊಬ್ಬಳೇ. ಅವಳ ಬಾಯಲ್ಲಿ ಒಂದು ಅಧ್ಯಾಯ ಹೇಳಿಸಿದ್ದರೆ ನಮಗೆ ಸತ್ಯ ತಿಳಿಯುತ್ತಿತ್ತು, ಕಾದಂಬರಿ ಅಲ್ಲಿಗೆ ಕೆಡುತ್ತಿತ್ತು. ಮಿನಾತೊ ಕೂಡ ಸತ್ತ ಮಗುವಿಗೆ ಒಂದು ಅಧ್ಯಾಯ ಕೊಟ್ಟಿಲ್ಲ. ಕನ್ನಡದಲ್ಲಿ ಈ ಬಗೆಯದನ್ನು ಬರೆಯಹೊರಟವರು ಯಾರನ್ನು ಮಾತಾಡಿಸಬೇಕು ಎಂಬ ಪಟ್ಟಿ ಹಾಕುವ ಮುಂಚೆ, ಯಾರನ್ನು ಮಾತಾಡಿಸಬಾರದು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಅದರಲ್ಲೇ ಅರ್ಧ ಕಾದಂಬರಿ ತೀರ್ಮಾನವಾಗಿರುತ್ತದೆ.